ಬೆಟ್ಟದ ಬುಡದಲ್ಲಿ ಕಾದಿರುವ ಜೋಡು

ಶ್ರವಣಬೆಳಗೊಳದ ವಿಂಧ್ಯಗಿರಿಯ ಬುಡದಲ್ಲಿ ಯಾತ್ರಿಕರೆಲ್ಲರೂ ಪಾದರಕ್ಷೆ ಕಳಚುತ್ತಾರೆ. ಸುಮಾರು 58 ಅಡಿ ಎತ್ತರದ ಗೊಮ್ಮಟನ ದರ್ಶನಕ್ಕೆ ಬಂಡೆಯಲ್ಲಿ ಕಡೆದ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಏರಬೇಕು. ಮೊಮ್ಮಕ್ಕಳು ಮೇಲೋಡುತ್ತಾರೆ, ಹಿಮ್ಮಡಿ ನೋಯುವ ಅಜ್ಜಿ ಕೆಳಗೇ ನಿಂತು ಯೋಚಿಸುತ್ತಾರೆ. ಅಂಥವರು ಬಂಡೆ ಕಾಯುವ ಮುನ್ನ, ಮುಂಜಾನೆಯೇ ನಿಧಾನವಾಗಿ ಹತ್ತುವುದು ಲೇಸು. ಡೋಲಿಯನ್ನೇರಿದರೂ ಭಕ್ತಿಗೆ ಕುಂದಿಲ್ಲ.

ಇಳಿದು ಬಂದ ದಣಿದ ಪಾದಕ್ಕೆ ತೆಳ್ಳನೆಯ ಚಪ್ಪಲಿ ಆಸರೆಯಾಗದು. ಹಿಮ್ಮಡಿಯನ್ನು ಅಲುಗದಂತೆ ಹಿಡಿದು, ಅಂಗಾಲಿನ ಕಮಾನಿಗೆ ಆಧಾರವಿತ್ತು, ಬೆರಳುಗಳ ಮುಂದೆ ಹೆಬ್ಬೆರಳಗಲ ಎಡೆಯುಳಿಸುವ ಜೋಡು ಬೇಕು. ಅದರ ಅಟ್ಟೆ ಬೆರಳುಗಳ ಬುಡದಲ್ಲಿ ಬಾಗಬೇಕೇ ಹೊರತು ನಡುವೆ ಮಡಿಯಬಾರದು. ಪಾದಗಳು ತುಸು ಊದಿರುವ ಸಂಜೆಯ ಹೊತ್ತು ತೊಟ್ಟು ನೋಡಿ ಕೊಂಡರೆ ಮುಂದೆ ಬಿಗಿಯೆನಿಸದು.

ದಿಗಂಬರ ಗೊಮ್ಮಟನಿಗೆ ಪಾದರಕ್ಷೆಯ ಹಂಗಿಲ್ಲ. ಮನೆಗೆ ಮರಳುವ ಗೃಹಸ್ಥರಿಗೆ ಅದು ಬೇಕೇ ಬೇಕು.