ಅರ್ಧ ನೂಲಿನ ಲೆಕ್ಕ

ಕೌದಿಯ ಬಗ್ಗೆ ಮಾತಾಡುವವರು, ಬರೆಯುವವರು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ. ಅದಕ್ಕೆ ಅಳತೆಯಿಲ್ಲ, ಲೆಕ್ಕವಿಲ್ಲ, ಆ ಸೊಟ್ಟತನವೇ ಅದರ ಸೊಬಗು ಎಂದು. ಮೆಚ್ಚುಗೆಯಿಂದಲೇ ಹೇಳುವ ಮಾತು ಇದು. ಆದರೆ ಐವತ್ತು ವರ್ಷದಿಂದ ಸೂಜಿ ಹಿಡಿದಿರುವ ನನ್ನ ಅಮ್ಮಿಗೆ ಇದನ್ನು ಕೇಳಿದರೆ ಮುಖ ಬಿಗಿಯುತ್ತದೆ. "ಸೊಟ್ಟ ಇದ್ರೆ ಚೆಂದ ಅಂತ ಬಡಗಿಗೆ ಯಾರಾದ್ರೂ ಹೇಳ್ತಾರೇನು? ನಮಗೆ ಮಾತ್ರ ಯಾಕೆ ಹೇಳ್ತಾರೆ?" ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ನನ್ನ ಬಳಿ ಸಿದ್ಧ ಉತ್ತರ ಇರಲಿಲ್ಲ. ಅದನ್ನು ಹುಡುಕುತ್ತ ಹೋದಾಗ ಕಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಕನ್ನಡದಲ್ಲಿ ಕೌದಿ. ನಮ್ಮ ಮನೆಯ ದಖ್ಖನಿಯಲ್ಲಿ ಗೋದಡಿ. ಹಳೆಯ ಸೀರೆ, ಲುಂಗಿ, ಅಂಗಿ, ಮಕ್ಕಳ ಫ್ರಾಕು ಯಾವುದೂ ಅದಕ್ಕೆ ವರ್ಜ್ಯವಲ್ಲ. ಉತ್ತರ ಕರ್ನಾಟಕದಲ್ಲಿ ಗೊಂದಲಿಗರ ಹೆಣ್ಣುಮಕ್ಕಳು ಮನೆ ಮನೆಗೆ ಬಂದು ಕೌದಿ ಹೊಲಿದುಕೊಡುತ್ತಿದ್ದರು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರ ಕೌದಿ ಹೊರದೇಶದ ವಸ್ತುಪ್ರದರ್ಶನಗಳನ್ನೂ ಕಂಡಿದೆ. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಹೊಲಿಗೆ ಮಾತ್ರ ಎಲ್ಲರಿಗೂ ಒಂದೇ. ಒಂದು ಮೂಲೆಯಿಂದ ಶುರುಮಾಡಿ, ಅಂಚಿನುದ್ದಕ್ಕೂ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ 'ಫುಲಾ' ಎಂಬ ಮಡಚಿದ ತುಂಡುಗಳನ್ನು ಇಡದಿದ್ದರೆ ಆ ಕೌದಿ ಬೆತ್ತಲೆಯಂತೆ.

ಈ ಕೆಲಸಕ್ಕೆ ಅಳತೆ ಇಲ್ಲ ಎನ್ನುವವರು ಅದನ್ನು ಹತ್ತಿರದಿಂದ ನೋಡಿಲ್ಲ. ಕೌದಿಯಲ್ಲಿ ತುಂಡುಗಳು ಒಂದಕ್ಕೊಂದು ನೇತುಬಿದ್ದಿರುವುದಿಲ್ಲ, ಕೆಳಗೆ ಹಾಸಿದ ಸೀರೆ ಎಲ್ಲವನ್ನೂ ಹೊತ್ತಿರುತ್ತದೆ. ಒಂದು ತುಂಡು ಸ್ವಲ್ಪ ದೊಡ್ಡದಾದರೆ ಪಕ್ಕದ್ದನ್ನು ಬೆರಳಲ್ಲಿ ಮಡಚಿ ಅಲ್ಲೇ ಸರಿಮಾಡಿಕೊಳ್ಳಬಹುದು. ಹಾಗಾಗಿ ತಪ್ಪು ಹುಟ್ಟಿದಲ್ಲೇ ಸಾಯುತ್ತದೆ, ಮುಂದಕ್ಕೆ ಹರಿಯುವುದಿಲ್ಲ. ಅಲ್ಲಿ ಕಷ್ಟದ ಅಳತೆ ಬೇರೆಯೇ ಇದೆ. ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರ ಕೊನೆಯ ತನಕ ಬದಲಾಗಬಾರದು. ದಾರವನ್ನು ಎಷ್ಟು ಎಳೆಯಬೇಕೋ ಅಷ್ಟೇ ಎಳೆಯಬೇಕು. ಬಿಗಿಯಾದರೆ ಬಟ್ಟೆ ಸುಕ್ಕುಗಟ್ಟಿ ಗುಬ್ಬಚ್ಚಿಯಾಗುತ್ತದೆ, ಸಡಿಲಾದರೆ ಕಾಲುಂಗುರಕ್ಕೆ ಸಿಕ್ಕಿ ಕಿತ್ತುಬರುತ್ತದೆ. ಐದಾರು ಪದರದ ಬಟ್ಟೆ ನೆಲಕ್ಕೆ ಹಾಸಿದಾಗ ಅಲೆಯಿಲ್ಲದೆ ಮಲಗಬೇಕು. ಇದನ್ನೆಲ್ಲ ಅಮ್ಮಿ ಗೇಣು, ಬೆರಳು, ಅಂಗೈಯಿಂದ ಅಳೆಯುತ್ತಿದ್ದರು.

ನಮ್ಮ ಮನೆ ಹರಿಹರದಲ್ಲಿ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾದ ಮೇಲೆ ಈ ಊರಿನಲ್ಲಿ ಲೇತ್ ಎಂಬುದು ಮನೆಮಾತಾಯಿತು. ಅಲ್ಲಿಂದ ಹೊರಟ ಲೇತ್ ಯಂತ್ರಗಳು ದೇಶವೆಲ್ಲ ಹರಡಿದವು. ಆ ಕಾರ್ಖಾನೆ ಈ ಶತಮಾನದ ಮೊದಲ ವರ್ಷಗಳಲ್ಲಿ ಬಾಗಿಲು ಮುಚ್ಚಿತು, ಆದರೆ ಅದು ಕಲಿಸಿದ ಕೈಗಳು ಊರಿನಲ್ಲಿ ಉಳಿದವು. ನನ್ನ ಅಬ್ಬಾ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದರು. ಇಂಚಿನ ಸಾವಿರದ ಒಂದು ಭಾಗವನ್ನು ಮೈಕ್ರೋಮೀಟರಿನಲ್ಲಿ ಓದುವುದು ಅವರ ದಿನದ ಕೆಲಸ. ಒಂದೇ ಮನೆಯಲ್ಲಿ ಎರಡು ಅಳತೆಗಳಿದ್ದವು. ಅಬ್ಬಾನ ಅಳತೆಗೆ ಸರ್ಟಿಫಿಕೇಟು ಇತ್ತು, ಪಗಾರ ಇತ್ತು, 'ಸ್ಕಿಲ್ಡ್' ಎಂಬ ಹೆಸರಿತ್ತು. ಅಮ್ಮಿಯ ಅಳತೆಗೆ ಮನೆಗೆಲಸ ಎಂಬ ಹೆಸರು.

2016ರಲ್ಲಿ ಈ ಎರಡು ಅಳತೆಗಳು ಎದುರುಬದುರಾದವು. ದಾವಣಗೆರೆಯ ಆಜಾದ್ ನಗರದಲ್ಲಿರುವ ನನ್ನ ಖಾಲಾ, ಅಂದರೆ ಅಮ್ಮಿಯ ತಂಗಿ, ಅಲ್ಲಿನ ನಾಲ್ಕು ಹೆಂಗಸರನ್ನು ಕೂಡಿಸಿಕೊಂಡು ಹೊಲಿಗೆ ಮಾಡುತ್ತಿದ್ದರು. ದೊಡ್ಡ ಊರಿನ ಒಂದು ಅಂಗಡಿಯಿಂದ ಅವರಿಗೆ ಹಾಸಿಗೆ ಹೊದಿಕೆಯ ಆರ್ಡರು ಬಂತು. ಇದು ಕೌದಿಯಲ್ಲ, ವಿಲಾಯಿತಿ ಮಾದರಿಯ ಚೌಕಗಳ ಕೆಲಸ. ಒಂಬತ್ತು ಸಣ್ಣ ಚೌಕ ಸೇರಿ ಒಂದು ಬ್ಲಾಕು. ಅಡ್ಡಕ್ಕೆ ಆರು, ಉದ್ದಕ್ಕೆ ಎಂಟು, ಒಟ್ಟು 48 ಬ್ಲಾಕು. ಕೆಳಗೆ ಹೊತ್ತುಕೊಳ್ಳುವ ಸೀರೆಯಿಲ್ಲ. ತುಂಡಿಗೆ ತುಂಡೇ ಆಧಾರ.

ಅಮ್ಮಿಯೂ ಸೇರಿ ಐದು ಹೆಂಗಸರು ಐದು ಮೆಷಿನಿನಲ್ಲಿ ಹೊಲಿದರು. ಜೋಡಿಸುವಾಗ ಮೂಲೆಗೆ ಮೂಲೆ ಕೂಡಲಿಲ್ಲ. ಎಳೆದು ಕೂಡಿಸಿದ್ದು ಗುಳ್ಳೆ ಎದ್ದಿತು. ಕಳಿಸಿದ ಮೊದಲ ಎರಡು ಹೊದಿಕೆ ವಾಪಸು ಬಂದವು, ಕೂಲಿ ಬರಲಿಲ್ಲ. ಅಂಗಡಿಯವರು ಹೇಳಿ ಕಳಿಸಿದ್ದು, "ನಿಮ್ಮ ಹೆಂಗಸರಿಗೆ ಕೌದಿಯೇ ಸರಿ, ಅದಕ್ಕಾದರೆ ಅಳತೆ ಬೇಕಿಲ್ಲ" ಎಂದು. ಹಣ ಹೋದದ್ದಕ್ಕಿಂತ ಈ ಮಾತು ಖಾಲಾನಿಗೆ ಹೆಚ್ಚು ನೋವು ಮಾಡಿತು.

ತಪ್ಪು ಎಲ್ಲಿತ್ತು ಎಂಬುದನ್ನು ಹುಡುಕಿಕೊಟ್ಟದ್ದು ಸರಳ ಲೆಕ್ಕ. ಇಂಚಿನ ಎಂಟನೇ ಒಂದು ಭಾಗಕ್ಕೆ ಬಡಗಿಗಳು ನೂಲು ಅನ್ನುತ್ತಾರೆ. ಈ ಕೆಲಸದಲ್ಲಿ ಹೊಲಿಗೆಯ ಮಾರ್ಜಿನ್ ಕಾಲು ಇಂಚು, ಅಂದರೆ ಎರಡು ನೂಲು. ಹೊಲಿದ ಮೇಲೆ ಮೂರು ಇಂಚು ಕಾಣಬೇಕಾದ ಚೌಕವನ್ನು ಮೂರೂವರೆ ಇಂಚಿಗೆ ಕತ್ತರಿಸಬೇಕು. ಅಂಥ ಮೂರು ಚೌಕ ಸಾಲಾಗಿ ಕೂಡಿದರೆ ಒಂಬತ್ತೂವರೆ ಇಂಚು ಬರಬೇಕು. ಸಾಲಿನಲ್ಲಿ ಎರಡು ಹೊಲಿಗೆ, ಹೊಲಿಗೆಯ ಎರಡೂ ಬದಿ ಸೇರಿ ನಾಲ್ಕು ಮಾರ್ಜಿನ್. ಒಂದೊಂದರಲ್ಲಿ ಅರ್ಧ ನೂಲು ಹೆಚ್ಚು ಹೋದರೂ ಬ್ಲಾಕು ಕಾಲು ಇಂಚು ಸಣ್ಣದಾಗುತ್ತದೆ. ಆರು ಬ್ಲಾಕಿನ ಸಾಲಿನಲ್ಲಿ ಅದು ಒಂದೂವರೆ ಇಂಚು. ಐದೂ ಜನ ಒಂದೇ ರೀತಿ ತಪ್ಪಿದ್ದರೆ ಹೊದಿಕೆ ಸಣ್ಣದಾಗುತ್ತಿತ್ತು, ಮೂಲೆಗಳಾದರೂ ಕೂಡುತ್ತಿದ್ದವು. ಇಲ್ಲಿ ಒಬ್ಬೊಬ್ಬರ ಮೆಷಿನಿನ ಫುಟ್ಟಿನ ಅಗಲ ಒಂದೊಂದು. ಎಲ್ಲರೂ ಫುಟ್ಟಿನ ಅಂಚನ್ನೇ ಕಾಲು ಇಂಚು ಎಂದು ನಂಬಿ ಹೊಲಿದಿದ್ದರು.

ಅಬ್ಬಾ ವಾಪಸು ಬಂದ ಹೊದಿಕೆಯನ್ನು ಮಂಚದ ಮೇಲೆ ಹಾಸಿ, ಬಹಳ ಹೊತ್ತು ನೋಡಿ, ಕೇಳಿದ ಮೊದಲ ಪ್ರಶ್ನೆ: "ಎರಡನೇ ತುಂಡನ್ನ ಯಾವುದರ ಮೇಲೆ ಇಟ್ಟು ಕತ್ತರಿಸಿದಿರಿ?" ಮೊದಲನೆಯದರ ಮೇಲೆ. ಮೂರನೆಯದು? ಎರಡನೆಯದರ ಮೇಲೆ. ಲೇತ್ ಕೆಲಸದಲ್ಲಿ ಮೊದಲು ಕಲಿಸುವ ಪಾಠವೇ ಇದಂತೆ. ಎಲ್ಲ ಅಳತೆಯನ್ನೂ ಒಂದೇ ಕಡೆಯಿಂದ ತೆಗೆಯಬೇಕು. ಹಿಂದಿನ ತುಂಡಿನಿಂದ ಮುಂದಿನದನ್ನು ಅಳೆದರೆ ಹಿಂದಿನ ತಪ್ಪಿಗೆ ಹೊಸ ತಪ್ಪು ಸೇರುತ್ತ ಹೋಗುತ್ತದೆ. ರಟ್ಟಿನ ಅಚ್ಚೂ ಸಾಲದು, ಪೆನ್ಸಿಲ್ ಉಜ್ಜಿ ಉಜ್ಜಿ ಅದರ ಅಂಚು ಸವೆಯುತ್ತದೆ. ಅವರು ವರ್ಕ್‌ಶಾಪಿನಿಂದ ಮೂರೂವರೆ ಇಂಚಿನ ಐದು ತಗಡಿನ ಚೌಕಗಳನ್ನು ಅರದಲ್ಲಿ ಉಜ್ಜಿ, ವರ್ನಿಯರಿನಲ್ಲಿ ಅಳೆದು ತಂದರು.

ತಗಡಿನ ಅಚ್ಚು ಕೈಗೆ ಬಂದ ಕೂಡಲೇ ಖಾಲಾ ನಕ್ಕರು. "ಭಾಯ್, ಇದು ನಮಗೇನು ಹೊಸದಾ?" ಆ ಐವರಲ್ಲಿ ಮೂವರು ಬೀಡಿ ಕಟ್ಟಿದವರು. ತಗಡಿನ ಅಚ್ಚನ್ನು ಎಲೆಯ ಮೇಲಿಟ್ಟು ಕತ್ತರಿ ಆಡಿಸಿ ದಿನಕ್ಕೆ ನೂರಾರು ಎಲೆ ಕತ್ತರಿಸಿದ ಕೈಗಳು ಅವು. ಅಳತೆ ತಪ್ಪಿದ ಬೀಡಿ ವಾಪಸು ಬಂದಾಗ ಕೂಲಿ ಹೋಗುವ ರುಚಿಯನ್ನೂ ಕಂಡವರು. ಅವರಿಗೆ ಅಳತೆ ಗೊತ್ತಿಲ್ಲ ಎನ್ನುವುದು ಎಂಥ ಮಾತು!

ಉಳಿದದ್ದನ್ನು ಹೆಂಗಸರೇ ಒಂದೊಂದಾಗಿ ಸರಿಮಾಡಿಕೊಂಡರು. ಹೊಸ ಹತ್ತಿ ಬಟ್ಟೆಯನ್ನು ಮೊದಲೇ ತೊಯ್ಸಿ ಒಣಗಿಸಿದರು, ಕುಗ್ಗುವುದೆಲ್ಲ ಕತ್ತರಿಸುವ ಮುಂಚೆಯೇ ಕುಗ್ಗಲಿ ಎಂದು. ಅಂಚನ್ನು ಕತ್ತರಿಸದೆ ಹರಿದರು. ಹತ್ತಿ ಬಟ್ಟೆ ಎಳೆಯ ಗುಂಟ ನೇರವಾಗಿ ಹರಿಯುತ್ತದೆ, ಆ ಗೆರೆಗೆ ಅಚ್ಚನ್ನು ಇಟ್ಟರೆ ಚೌಕ ಓರೆಯಾಗುವುದಿಲ್ಲ. ಓರೆಯಾಗಿ ಕತ್ತರಿಸಿದ ಬಟ್ಟೆ ರಬ್ಬರಿನಂತೆ ಹಿಗ್ಗುತ್ತದೆ. ಆದ್ದರಿಂದ ತ್ರಿಕೋನ ಬೇಕಾದಾಗ ತ್ರಿಕೋನವನ್ನು ಕತ್ತರಿಸಲೇ ಇಲ್ಲ. ನಾಲ್ಕು ಇಂಚಿನ ಎರಡು ಚೌಕಗಳನ್ನು ಮುಖಕ್ಕೆ ಮುಖ ಇಟ್ಟು, ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಗೆರೆಯ ಎರಡೂ ಬದಿಗೆ ಕಾಲು ಇಂಚು ಬಿಟ್ಟು ಹೊಲಿದು, ಆಮೇಲೆ ಗೆರೆಯ ಮೇಲೆ ಕತ್ತರಿಸಿದರು. ಬಿಡಿಸಿದರೆ ಎರಡು ಬಣ್ಣದ ಎರಡು ಚೌಕ. ಅಂಚು ತಿದ್ದಿ ಮೂರೂವರೆಗೆ ತಂದರು.

ಮೆಷಿನಿಗೂ ಒಂದು ಗಡಿ ಹಾಕಿದರು. ರಟ್ಟಿನ ಅಂಚಿನಿಂದ ಕಾಲು ಇಂಚಿಗೆ ಗೆರೆ ಎಳೆದು, ಚಕ್ರವನ್ನು ಕೈಯಿಂದ ತಿರುಗಿಸಿ ಸೂಜಿಯನ್ನು ಆ ಗೆರೆಯ ಮೇಲೆ ಇಳಿಸಿ, ರಟ್ಟಿನ ಅಂಚಿಗೆ ತಾಗುವಂತೆ ಗಾಯದ ಪ್ಲಾಸ್ಟರನ್ನು ನಾಲ್ಕು ಪದರ ಅಂಟಿಸಿದರು. ಬಟ್ಟೆ ಆ ಗೋಡೆಗೆ ಒರಗಿಕೊಂಡು ನಡೆಯುತ್ತದೆ. ಪರೀಕ್ಷೆಯೂ ಸುಲಭ. ಒಂದೂವರೆ ಇಂಚಿನ ಮೂರು ಪಟ್ಟಿ ಸೇರಿಸಿ ಹೊಲಿದು ಇಸ್ತ್ರಿ ಇಟ್ಟರೆ ನಡುವಿನ ಪಟ್ಟಿ ಸರಿಯಾಗಿ ಒಂದು ಇಂಚು ಬರಬೇಕು. ಬಟ್ಟೆ ಮಡಚುವಾಗ ದಾರದ ದಪ್ಪದಷ್ಟನ್ನು ಅದೇ ನುಂಗುತ್ತದೆ, ಹಾಗಾಗಿ ಹೊಲಿಗೆಯನ್ನು ಕಾಲು ಇಂಚಿಗಿಂತ ಕೂದಲೆಳೆಯಷ್ಟು ಒಳಗೆ, ಅಂಚಿನ ಕಡೆಗೆ ತರಬೇಕಾಯಿತು. ಇಸ್ತ್ರಿಯನ್ನು ಎಳೆಯದೆ ಒತ್ತಿ ಎತ್ತುವುದು, ಒಂದು ಸಾಲಿನ ಮಾರ್ಜಿನ್ ಎಡಕ್ಕೆ ಮಡಚಿದರೆ ಮುಂದಿನ ಸಾಲಿನದು ಬಲಕ್ಕೆ ಮಡಚುವುದು ಇದೆಲ್ಲ ಅಭ್ಯಾಸವಾಯಿತು. ಹಾಗೆ ಮಡಚಿದಾಗ ಎರಡು ಸಾಲು ಕೂಡುವ ಜಾಗದಲ್ಲಿ ಒಂದರ ಉಬ್ಬಿಗೆ ಇನ್ನೊಂದರ ಉಬ್ಬು ಒತ್ತಿ ಕೂರುತ್ತದೆ, ಮೂಲೆಗೆ ಮೂಲೆ ಬೆರಳಿಗೇ ಗೊತ್ತಾಗುತ್ತದೆ.

ಹೊರದೇಶಗಳಲ್ಲಿ ಇದಕ್ಕೆ ಚಕ್ರದ ಚಾಕು ಇದೆ. 1979ರಲ್ಲಿ ಜಪಾನಿನ ಓಲ್ಫಾ ಕಂಪನಿ ಅದನ್ನು ತಂದ ಮೇಲೆ ಚೌಕ ಕತ್ತರಿಸುವ ರೀತಿಯೇ ಬದಲಾಯಿತು. ಕೆಳಗೆ ಹಾಸುವ ಚಾಪೆ, ಪಾರದರ್ಶಕ ಅಳತೆಪಟ್ಟಿ ಸೇರಿದರೆ ನಾಲ್ಕಾರು ಪದರ ಒಟ್ಟಿಗೆ ಕತ್ತರಿಸಬಹುದು. ಆಮೇಲೆ ಖಾಲಾ ಒಂದನ್ನು ತರಿಸಿಕೊಂಡರು. ಕೆಲಸ ಬೇಗವಾಯಿತು, ನಿಜ. ಆದರೆ ಸಾಮಾನು ಬರುವ ಮುಂಚೆಯೇ ತಗಡು, ಕತ್ತರಿ, ಪ್ಲಾಸ್ಟರಿನಲ್ಲೇ ಅಳತೆ ಕೂಡಿಬಂದಿತ್ತು.

ಮೂರನೆಯ ಹೊದಿಕೆ ವಾಪಸು ಬರಲಿಲ್ಲ. ಕಥೆ ಇಲ್ಲಿಗೇ ಮುಗಿದಿದ್ದರೆ ಸುಖಾಂತ. ಮುಂದಿನ ಆರ್ಡರಿಗೆ ಖಾಲಾ ಒಂದು ಹೊಸ ಲೆಕ್ಕ ಇಟ್ಟರು. ತೊಯ್ಸುವುದು, ಎಳೆ ನೋಡುವುದು, ಅಳೆಯುವುದು, ಇಸ್ತ್ರಿ ಇದೆಲ್ಲ ಸೇರಿ ಹೊಲಿಗೆಯಷ್ಟೇ ಹೊತ್ತು ಹಿಡಿಯುತ್ತದೆ, ಕೂಲಿಯಲ್ಲಿ ಅದೂ ಸೇರಬೇಕು ಎಂದರು. ಅಂಗಡಿಯವರು ಪೀಸಿಗಿಷ್ಟು ಎಂಬ ಹಳೆಯ ದರವನ್ನೇ ಹಿಡಿದು ಕೂತರು. ತಪ್ಪಾದರೆ ಅಳತೆ ನೆನಪಾಗುತ್ತದೆ, ಸರಿಯಾದರೆ ಅಳತೆ ಕಾಣುವುದೇ ಇಲ್ಲ! ಮೂರು ತಿಂಗಳ ಜಗ್ಗಾಟದ ನಂತರ ಖಾಲಾ ಆ ಅಂಗಡಿಯನ್ನು ಬಿಟ್ಟರು. ಈಗ ಬೇರೆಯವರಿಗೆ, ಕಡಿಮೆ ಸಂಖ್ಯೆಯಲ್ಲಿ, ತಾವು ಹೇಳಿದ ದರಕ್ಕೆ ಹೊಲಿಯುತ್ತಾರೆ. ಐವರಲ್ಲಿ ಇಬ್ಬರು ಕೆಲಸ ಸಾಲದೆ ಬಿಟ್ಟುಹೋದರು. ಗೆಲುವು ಎಂದು ಪೂರ್ತಿಯಾಗಿ ಹೇಳಲಾರೆ.

ಅಮ್ಮಿಯ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಷ್ಟು. ಬಡಗಿಗೆ ಸೊಟ್ಟ ಚೆಂದ ಎಂದು ಯಾರೂ ಹೇಳುವುದಿಲ್ಲ, ಯಾಕೆಂದರೆ ಅವನ ನೇರಕ್ಕೆ ಬೆಲೆ ಕೊಟ್ಟಿರುತ್ತಾರೆ. ಹೆಂಗಸರ ಕೆಲಸವನ್ನು ಲೆಕ್ಕವಿಲ್ಲದ ಚೆಂದ ಎಂದು ಹೊಗಳಿದರೆ ಲೆಕ್ಕ ಕೊಡುವ ತಾಪತ್ರಯ ಇರುವುದಿಲ್ಲ. ಕೌದಿಯನ್ನು ಮೆಚ್ಚುವವರು ಮೆಚ್ಚಲಿ, ಜೊತೆಗೆ ಅದರಲ್ಲಿ ಎಷ್ಟು ಸಾಲು, ಸಾಲಿಗೆ ಎಷ್ಟು ಹೊತ್ತು ಎಂದು ಒಮ್ಮೆ ಎಣಿಸಲಿ. ಅಮ್ಮಿ ಈಗಲೂ ಚಳಿಗಾಲಕ್ಕೆ ಮುಂಚೆ ಒಂದು ಗೋದಡಿ ಹಾಸಿಕೊಂಡು ಕೂರುತ್ತಾರೆ. ಕಣ್ಣು ಮಂಜಾಗಿದೆ, ಸೂಜಿಗೆ ದಾರ ಪೋಣಿಸಲು ಮೊಮ್ಮಕ್ಕಳು ಬೇಕು. ಸಾಲಿನಿಂದ ಸಾಲಿಗೆ ಇರುವ ಅಂತರ ಮಾತ್ರ ಇಂದಿಗೂ ಒಂದು ಬೆರಳು.