ಹಬ್ಬದ ಮಾರನೆ ದಿನ ಸಿನಿಮಾಕ್ಕೆ ಹೋಗಿದ್ದು

ದೀಪಾವಳಿ ಮುಗಿದ ಮಾರನೆ ದಿನ ಅಂದ್ರೆ ನನಗೆ ಹಬ್ಬಕ್ಕಿಂತ ಒಂದು ಕೈ ಹೆಚ್ಚು. ಹಬ್ಬದ ದಿನ ನಮಗೆಲ್ಲಿ ಹಬ್ಬ ಹೇಳ್ರಿ? ಹಿರಿಯರ ಪೂಜೆ, ಎಡೆ, ಹೋಳಿಗೆ, ಬಂದೋರು ಹೋದೋರು, ರಾತ್ರಿ ಸೊಂಟ ನೆಲಕ್ಕೆ ಹತ್ತಿದ್ರೆ ಸಾಕಪ್ಪ ಅನಿಸಿರುತ್ತೆ. ಮಾರನೆ ದಿನ ಹಂಗಲ್ಲ. ಡಬ್ಬಿಯಾಗೆ ಹೋಳಿಗೆ ಉಳಿದಿರ್ತಾವೆ. ಕಟ್ಟಿನ ಸಾರು ಎರಡನೇ ದಿನಕ್ಕೇ ರುಚಿ. ಒಂದು ಅನ್ನ ಇಟ್ಟರೆ ಅಡಿಗೆ ಮುಗೀತು. ಈ ಸಲ ಅಡಿಕೆ ಸುಲಿಯೋರೂ ಹಬ್ಬ ಅಂತ ಬಂದಿರಲಿಲ್ಲ. ಕೊಯ್ಲಿನ ಕಾಲದಾಗೆ ನಮ್ಮ ಕತ್ತಲಗೆರೆ ಕಡೆ ಅಂಗಳ ಖಾಲಿ ಇರೋದು ಅಂದ್ರೆ ಎಷ್ಟು ಅಪರೂಪ ಅಂತ ನಿಮಗೇ ಗೊತ್ತು.

ಅವತ್ತು ತಡವಾಗಿ ಏಳಬೇಕು ಅಂತ ರಾತ್ರಿನೇ ಅಂದುಕೊಂಡಿದ್ದೆ. ಐದಕ್ಕೆ ಎಚ್ಚರ ಆತು. ಮಲಗೇ ಇದ್ದೆ. ಕೊಟ್ಟಿಗೆಯಾಗೆ ಆಕಳು ಒಂದು ಸಲ ಕೂಗ್ತು, ಎದ್ದೆ. ರಜ ಅಂತ ಅದಕ್ಕೆ ಹೇಳೋರು ಯಾರು! ಹಿಂದೆ ಸೋಮವಾರ ಬಂದ್ರೆ ನಮ್ಮ ಮಾವನವರು ಎತ್ತಿನ ಹೆಗಲಿಗೆ ನೊಗ ಇಡ್ತಿರಲಿಲ್ಲ. ಬಸವಣ್ಣನ ವಾರ, ಅವಕ್ಕೆ ಬಿಡುವು ಅಂತಿದ್ರು. ಒಲೆ ಮುಂದಿನೋರಿಗೆ ಅಂತ ಯಾರೂ ಒಂದು ವಾರ ಮಾಡಿಲ್ಲ ನೋಡ್ರಿ.

ಹಾಲು ಕರೆದು, ಕಾಫಿ ಕುಡಿದು, ಮತ್ತೆ ಹೋಗಿ ಮಲಗಿದೆ. ಬೆಳಗ್ಗೆ ಎರಡನೇ ಸಲ ಮಲಗೋ ಸುಖ ಇನ್ನೊಂದಿಲ್ಲ. ಎಂಟೂವರೆಗೆ ಎದ್ದು ತುಪ್ಪ ಹಚ್ಚಿದ ಹೋಳಿಗೆ ತಿಂದು ಎಲ್ಲರೂ ಪಡಸಾಲೆಯಾಗೆ ಉರುಳಿಕೊಂಡಿದ್ವಿ. ಬೆಂಗಳೂರಿಂದ ಬಂದಿದ್ದ ಮಗ ಫೋನು ಒತ್ತಿಕೊಂತ, "ದಾವಣಗೆರೆಗೆ ಸಿನಿಮಾಕ್ಕೆ ಹೋಗಾನ, ಟಿಕೆಟ್ ಸಿಗ್ತಾವೆ" ಅಂದ. ಸೊಸೆ "ಅತ್ತೆ, ನೀವೂ ಬರ್ಬೇಕು" ಅಂದ್ಲು. ನಾನು ಬಾಯಿ ತೆರೆಯೋದ್ರೊಳಗೆ ಮೂಲೆಯಾಗೆ ಕುಂತಿದ್ದ ನಮ್ಮತ್ತೆ, "ನಾನೂ ಬರ್ತೀನಿ ಕಣೋ" ಅಂದ್ರು!

ನಾನು ಅವರ ಮುಖನೇ ನೋಡಿದೆ. ಅದಕ್ಕೊಂದು ಹಳೆ ಕತೆ ಐತೆ.

1992. ಮದುವೆಯಾಗಿ ನನ್ನ ಎರಡನೇ ದೀಪಾವಳಿ. ಆಗಿನ್ನೂ ನಾವು ಶಿವಮೊಗ್ಗ ಜಿಲ್ಲೆಯೋರು, ದಾವಣಗೆರೆ ಜಿಲ್ಲೆ ಆಗಿದ್ದು 1997ರಾಗೆ. ಆದ್ರೂ ಸಿನಿಮಾ ಅಂದ್ರೆ ದಾವಣಗೆರೆನೇ. ಮೂರು ವರ್ಷ ರಾಜ್‌ಕುಮಾರ್ ಸಿನಿಮಾನೇ ಇಲ್ಲದೆ, ಆ ವರ್ಷ 'ಜೀವನ ಚೈತ್ರ' ಬಂದಿತ್ತು. ಸಾರಾಯಿ ವಿರುದ್ಧ ನಿಲ್ಲೋ ಕತೆ ಅಂತ ಹೆಂಗಸರ ಬಾಯಾಗೆಲ್ಲ ಅದೇ ಮಾತು. ನಮ್ಮೆಜಮಾನ್ರು ಯಾರಿಗೂ ಹೇಳದೆ "ರೆಡಿಯಾಗು, ಬಸ್ಸಿಗೆ ಹೋಗಾನ" ಅಂದಿದ್ರು. ಸೀರೆ ಉಟ್ಟು, ಮಲ್ಲಿಗೆ ಮುಡಿದು ಹೊರಗೆ ಬಂದೆ. ಅತ್ತೆ ಅಂಗಳದಾಗೆ ಕುಂತಿದ್ರು. "ಕೊಯ್ದ ಅಡಿಕೆ ಗುಡ್ಡೆ ಬಿದ್ದೈತೆ. ಸಿನಿಮಾ ಅಂತೆ ಸಿನಿಮಾ" ಅಂದ್ರು, ಅಷ್ಟೇ. ನಮ್ಮೆಜಮಾನ್ರು ಚಪ್ಪಲಿ ಮೆಟ್ಟಿ ತೋಟಕ್ಕೆ ಹೋದ್ರು. ನಾನು ಸೀರೆ ಬದಲಿಸಿ ಸುಲಿಯಾಕೆ ಕುಂತೆ. ಆವಾಗ ಮಿಷನ್ ಎಲ್ಲಿತ್ತು, ಎಲ್ಲಾ ಕೈಯಾಗೇ. ಹಸಿ ಅಡಿಕೆ ಸುಲಿದೋರಿಗೆ ಗೊತ್ತು, ಕೈಯೆಲ್ಲ ಚೊಗರು. ಆ ಕೈಯಾಗೆ ಕಣ್ಣು ಒರೆಸಿಕೊಳ್ಳಾಕೂ ಬರಲ್ಲ.

ಆ ಸಿನಿಮಾ ಆಮೇಲೆ ಟಿ.ವಿ.ಯಾಗೆ ನೋಡಿದೆ. ನಡುನಡುವೆ ಒಲೆ ಕಡೆ ಓಡಿಕೊಂತ, ಅರ್ಧಂಬರ್ಧ.

ಈಗ ಅದೇ ಅತ್ತೆ, ಎಂಬತ್ತರ ಹತ್ತತ್ರ ಬಂದೋರು, ಇಳಕಲ್ ಸೀರೆ ಉಟ್ಟು, ಎಲ್ಲರಿಗಿಂತ ಮೊದಲು ಹೋಗಿ ಕಾರಿನಾಗೆ ಕುಂತ್ರು. ಮಾಳಿಗೆ ಮೇಲೆ ಬೇಯಿಸಿದ ಅಡಿಕೆ ಹರವಿದ್ದೆ. ಒಂದು ಸಲ ಮೋಡ ನೋಡಿ, ದೇವರ ಮೇಲೆ ಭಾರ ಹಾಕಿ ನಾನೂ ಹತ್ತಿದೆ.

ಸಿನಿಮಾ ಏನು ಹೇಳಲಿ. ಹೆಸರು ಬ್ಯಾಡ. ಬರೀ ಹೊಡಿ, ಬಡಿ, ಗುಂಡು, ರಕ್ತ. ಹೀರೋ ಬರೋದು ಒಂದು ಸಲ ಅಲ್ಲ, ಹತ್ತು ನಿಮಿಷಕ್ಕೊಂದು ಸಲ ಹೊಸದಾಗಿ ಬರ್ತಿದ್ದ. ಎದೆ ನಡುಗೋ ಸದ್ದು. ಇದ್ದ ಒಬ್ಬ ತಾಯಿ ಪಾತ್ರನ ಕೂರೋದ್ರೊಳಗೆ ಸಾಯಿಸಿಬಿಟ್ರು. ಅತ್ತೆ ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡು, "ಇವರು ಉಣ್ಣೋದು ಯಾವಾಗ?" ಅಂತ ಕೇಳಿದ್ರು. ಮುಂದಿನ ಸಾಲಿನ ಹುಡುಗರೆಲ್ಲ ತಿರುಗಿ ನಕ್ಕರು. ಮಧ್ಯಂತರದಾಗೆ ಮಗ ಜೋಳದ ಅರಳಿನ ಡಬ್ಬ ತಂದ. ರೇಟು ಕೇಳಿ ನನ್ನ ಗಂಟಲಾಗೆ ಇಳೀಲಿಲ್ಲ. ಆ ದುಡ್ಡಿಗೆ ಒಂದು ಚೀಲ ಮಂಡಕ್ಕಿ ಬರ್ತಿತ್ತು. ಅರ್ಧ ಸಿನಿಮಾ ಆದ ಮೇಲೆ ನಾನು ಪರದೆ ನೋಡಲೇ ಇಲ್ಲ. ಮಾಳಿಗೆ ಮೇಲಿನ ಅಡಿಕೆನೇ ಕಣ್ಣ ಮುಂದೆ. ದುಡ್ಡು ಕೊಟ್ಟು ಕತ್ತಲಾಗೆ ಕುಂತು ಮಳೆ ಚಿಂತೆ ಮಾಡಿದೆ ನೋಡ್ರಿ.

ಹೊರಗೆ ಬಂದಾಗ ಮಗನ ಮುಖನೂ ಸಪ್ಪಗಾಗಿತ್ತು. "ಚೆನ್ನಾಗೈತೆ ಅಂದಿದ್ರು ಕಣಮ್ಮ" ಅಂದ. ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಹೊರಟ್ವಿ. ದಾರಿಯಾಗೆ ಭದ್ರಾ ಚಾನಲ್ ಹತ್ರ ಕಾರು ನಿಲ್ಲಿಸಿ ಅಂತ ಅತ್ತೆನೇ ಹೇಳಿದ್ರು. ಚಾನಲ್ ತುಂಬ ನೀರು, ಆಚೆ ಕಡೆ ಭತ್ತ ಹಳದಿ ತಿರುಗಿತ್ತು. ಪೇಪರ್ ಹಾಸಿ ಕುಂತು ತಿಂದ್ವಿ. ಕಿವಿಯಾಗಿನ ಸದ್ದು ಮೆಲ್ಲಗೆ ಇಳೀತು.

ಹಲ್ಲಿಲ್ಲದ ಅತ್ತೆಗೆ ಮಿರ್ಚಿ ಮುರಿದು ಕೊಡ್ತಿದ್ದೆ. ಅವರು ನೀರು ನೋಡಿಕೊಂತ, "ಅವತ್ತು ಕಳಿಸಿದ್ರೂ ಇಷ್ಟೇ ಇರ್ತಿತ್ತೇನೋ ಬಿಡೇ" ಅಂದ್ರು.

ಮೂವತ್ತು ವರ್ಷದ ಮೇಲಾತು. ಅವರಿಗೂ ನೆನಪೈತೆ ಅಂತ ನನಗೆ ಗೊತ್ತೇ ಇರಲಿಲ್ಲ. ಬಂದ ನಗು ಬಂದಂಗೇ ನಕ್ಕೆ, ಅವರೂ ನಕ್ಕರು. ಸೊಸೆಗೆ ಏನೂ ತಿಳೀಲಿಲ್ಲ. "ಯಾವತ್ತು ಅಜ್ಜಿ?" ಅಂತ ಕೇಳಿದ್ಲು, ನಾವಿಬ್ರೂ ಹೇಳಲಿಲ್ಲ.

ಆದ್ರೆ ನಿಮ್ಮ ಹತ್ರ ಹೇಳ್ತೀನಿ. ಇಷ್ಟೇ ಇರ್ತಿರಲಿಲ್ಲ. ಕೊಯ್ದ ಅಡಿಕೆ ಕಾಯೋದಿಲ್ಲ, ಅವರು ಹೇಳಿದ್ದು ಸುಳ್ಳಲ್ಲ. ಈಗ ಮನೆ ನಡೆಸೋಳು ನಾನು, ನನಗೂ ಗೊತ್ತು. ಆದ್ರೂ ಅವತ್ತು ನನಗೆ ಇಪ್ಪತ್ತೊಂದು ವರ್ಷ, ತಲೆ ತುಂಬ ಮಲ್ಲಿಗೆ. ಸಿನಿಮಾ ಇದಕ್ಕಿಂತ ಕೆಟ್ಟದಾಗಿದ್ರೂ ನನಗೆ ಚೆನ್ನಾಗೇ ಇರ್ತಿತ್ತು.

ಮನೆಗೆ ಬಂದು ಮೊದಲು ಮಾಳಿಗೆ ಹತ್ತಿದೆ. ಒಂದು ಹನಿ ಬಿದ್ದಿರಲಿಲ್ಲ. ಅಡಿಕೆ ಗುಡ್ಡೆ ಮಾಡಿ ತಾಡಪಾಲು ಮುಚ್ಚಾಕೆ ಸೊಸೆನೂ ಬಂದ್ಲು. "ನಾಳೆ ನೀವಿಬ್ರೇ ಎಲ್ಲಾದ್ರೂ ಹೋಗಿ ಬರ್ರಿ" ಅಂದೆ. "ನಾಳೆ ಸುಲಿಯೋರು ಬರ್ತಾರಲ್ಲ ಅತ್ತೆ" ಅಂದ್ಲು.

"ಬಂದ್ರೆ ಬರ್ಲಿ, ನಾನಿದೀನಿ" ಅಂದೆ.