ಗುಡಿಸುವ ಯಂತ್ರವೂ ನಮ್ಮ ಹೊಸ್ತಿಲೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳಲ್ಲಿ ಸಂಸಾರ ಮಾಡಿದವರಿಗೆ ಧೂಳೆಂದರೇನೆಂಬುದನ್ನು ವಿವರಿಸಿ ಹೇಳಬೇಕಾದುದಿಲ್ಲ. ಆಷಾಢದ ಗಾಳಿಯು ಮಸಾರಿ ಹೊಲಗಳ ಕೆಂಪು ಮಣ್ಣನ್ನು ಊರೊಳಕ್ಕೆ ಹೊತ್ತು ತರುವುದು. ಸುಗ್ಗಿಯ ಕಾಲದಲ್ಲಿ ರಸ್ತೆಯ ಮೇಲೆಯೇ ಹರವಿದ ಮೆಕ್ಕೆಜೋಳದ ಹೊಟ್ಟು ಕಿಟಕಿಯ ಸಂದಿನಲ್ಲಿ ನುಸುಳುವುದು. ಬೆಳಗ್ಗೆ ಗುಡಿಸಿದ ಪಡಸಾಲೆಯ ಮೇಲೆ ಮಧ್ಯಾಹ್ನದ ಹೊತ್ತಿಗೆ ಮಕ್ಕಳಿಗೆ ಬೆರಳಿನಿಂದ ಅಕ್ಷರಾಭ್ಯಾಸ ಮಾಡಿಸಬಹುದು. ಮೂವತ್ತೆರಡು ವರ್ಷ ಶಾಲೆಯ ಸುಣ್ಣದ ಪುಡಿಯನ್ನು ಕುಡಿದ ನನಗೆ ಇದು ದೊಡ್ಡ ತೊಂದರೆಯೆಂದು ತೋರಿರಲಿಲ್ಲ. ಆದರೆ ನಾಲ್ಕು ವರ್ಷಗಳಿಂದೀಚೆಗೆ ನನ್ನ ಮನೆಯಾಕೆಗೆ ಉಬ್ಬಸ ಹತ್ತಿಕೊಂಡಿತು. ವೈದ್ಯರು ಔಷಧವನ್ನು ಬರೆದುಕೊಟ್ಟು, “ಮುಖ್ಯವಾಗಿ ಕಸ ಗುಡಿಸುವಾಗ ಏಳುವ ಧೂಳಿನಿಂದ ದೂರವಿರಿಸಿರಿ” ಎಂದರು. ಹೇಳುವುದು ಸುಲಭ. ನಮ್ಮ ಸೀಮೆಯಲ್ಲಿ ಧೂಳಿನಿಂದ ದೂರವಿರುವ ಸ್ಥಳ ಯಾವುದು?

ಈ ಸಮಾಚಾರವನ್ನು ಕೇಳಿದ ನಮ್ಮ ಮಗಳು ಬೆಂಗಳೂರಿನಿಂದ ಫೋನು ಮಾಡಿ, “ಅಪ್ಪಾ, ತಾನೇ ಗುಡಿಸೋ ಯಂತ್ರ ಒಂದು ಕಳಿಸ್ತೀನ್ರಿ. ಅದರ ಕಸಾನೂ ಅದೇ ಖಾಲಿ ಮಾಡಿಕೊಳ್ತದ. ಎರಡು ಆರಿಸಿಟ್ಟೀನಿ. ಯಾವುದು ಬೇಕು ನೀವ ನೋಡಿ ಹೇಳ್ರಿ, ಮನಿ ನಿಮ್ಮದು” ಎಂದಳು. ಒಂದರ ಬೆಲೆ ಸುಮಾರು 35,000 ರೂಪಾಯಿ. ಇನ್ನೊಂದರದು ಸುಮಾರು 80,000. ನಾನು ಕೆಲಸಕ್ಕೆ ಸೇರಿದ ಕಾಲದ ಸಂಬಳವನ್ನು ನೆನೆದು ನನಗೆ ಕ್ಷಣಕಾಲ ಮಾತೇ ಹೊರಡಲಿಲ್ಲ.

ಪಾಠಶಾಲೆಯಲ್ಲಿ ಓದಿದವನಿಗೆ ಯಾವ ವಸ್ತುವನ್ನಾದರೂ ಮೊದಲು ಶಬ್ದದಿಂದ ಹಿಡಿಯುವ ಚಾಳಿ. ‘ರೋಬಾಟ್’ ಎಂಬ ಶಬ್ದವು ಚೆಕ್ ಭಾಷೆಯದು. ಕಾರೆಲ್ ಚಾಪೆಕ್ ಎಂಬ ಲೇಖಕನು 1920ರಲ್ಲಿ ಪ್ರಕಟಿಸಿದ ನಾಟಕವೊಂದರಿಂದ ಅದು ಲೋಕಕ್ಕೆಲ್ಲ ಹರಡಿತು. ಅದರ ಮೂಲವಾದ ‘ರೋಬೋಟ’ ಎಂಬುದಕ್ಕೆ ಒಡೆಯನಿಗಾಗಿ ಒಕ್ಕಲು ಮಾಡತಕ್ಕ ಬಲವಂತದ ದುಡಿಮೆಯೆಂದರ್ಥ. ನಮ್ಮ ಮಾತಿನಲ್ಲಿ ಬಿಟ್ಟಿ. ಯಂತ್ರವಾದರೋ ಇತ್ತೀಚಿನದು. ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರನು 1901ರಲ್ಲಿ ಧೂಳನ್ನು ಊದುವುದರ ಬದಲು ಹೀರುವ ಯಂತ್ರವನ್ನು ಮಾಡಿದನು. ಅದನ್ನು ಕುದುರೆಗಾಡಿಯಲ್ಲಿ ತಂದು ಬೀದಿಯಲ್ಲಿ ನಿಲ್ಲಿಸಿ, ಉದ್ದನೆಯ ಕೊಳವೆಗಳನ್ನು ಕಿಟಕಿಯಿಂದ ಮನೆಯೊಳಕ್ಕೆ ಬಿಡುತ್ತಿದ್ದರಂತೆ. ನೂರು ವರ್ಷಗಳ ತರುವಾಯ, 2002ರಲ್ಲಿ, ಅಮೆರಿಕದ ಐರೋಬಾಟ್ ಎಂಬ ಸಂಸ್ಥೆಯು ಆಮೆಯಂತೆ ನೆಲದ ಮೇಲೆ ತಾನೇ ತಿರುಗುವ ‘ರೂಂಬಾ’ವನ್ನು ಮಾರಾಟಕ್ಕೆ ತಂದಿತು, 2018ರಲ್ಲಿ ಅದೇ ಸಂಸ್ಥೆಯು ಹೊಟ್ಟೆಯ ಕಸವನ್ನು ಗೂಡಿಗೆ ಬಂದು ಬರಿದುಮಾಡಿಕೊಳ್ಳುವ ಮಾದರಿಯನ್ನು ತಂದಿತು. ಇಷ್ಟು ಮಾಡಿದ ಸಂಸ್ಥೆಯೇ 2025ರ ಡಿಸೆಂಬರಿನಲ್ಲಿ ದಿವಾಳಿಯ ನ್ಯಾಯಾಲಯದ ಬಾಗಿಲಿಗೆ ಹೋಯಿತು. ಆದುದರಿಂದ ಹೆಸರನ್ನು ಮಾತ್ರ ನೋಡಿ ಕೊಳ್ಳತಕ್ಕ ಪದಾರ್ಥ ಇದಲ್ಲವೆಂದು ನಿಶ್ಚಯಿಸಿ, ಶಾಲೆಯ ಪದ್ಧತಿಯಂತೆ ಕಾಗದದ ಮೇಲೆ ಎರಡು ಪಟ್ಟಿಗಳನ್ನು ಎಳೆದು ಗುಣದೋಷಗಳನ್ನು ಬರೆಯತೊಡಗಿದೆನು.

ಮೊದಲನೆಯದು ಹೀರುವ ಬಲ. ಇದನ್ನು ಪಾಸ್ಕಲ್ ಎಂಬ ಮಾನದಿಂದ ಅಳೆಯುವರು. ಒಂದಕ್ಕೆ 8,000, ಇನ್ನೊಂದಕ್ಕೆ 20,000 ಎಂದು ಬರೆದಿದ್ದಿತು. ಅಂಕಿಯನ್ನು ಕಂಡು ಮರುಳಾಗುವುದು ಸಹಜ. ಆದರೆ ಆ ಹೆಚ್ಚಿನ ಬಲವು ಬೇಕಾಗುವುದು ದಪ್ಪನೆಯ ರತ್ನಗಂಬಳಿಯ ಎಳೆಗಳೊಳಗೆ ಹುದುಗಿದ ಧೂಳನ್ನೆಳೆಯಲು. ನಮ್ಮ ಮನೆಯಲ್ಲಿರುವುದು ಕಲ್ಲಿನ ನೆಲ. ಗಂಬಳಿಯೆಂದರೆ ಹೊದೆಯುವ ಕಂಬಳಿಯೊಂದೇ.

ಎರಡನೆಯದು ದಾರಿ ಕಾಣುವ ಬಗೆ. ಒಂದು ಯಂತ್ರವು ತಲೆಯ ಮೇಲಿನ ಗೋಪುರದಿಂದ ಲೇಸರ್ ಕಿರಣವನ್ನು ಸುತ್ತ ತಿರುಗಿಸಿ, ಗೋಡೆಗಳ ದೂರವನ್ನು ಅಳೆದು ಮನೆಯ ನಕ್ಷೆಯನ್ನು ಬರೆದುಕೊಳ್ಳುವುದು. ಕತ್ತಲೆಯಲ್ಲಿಯೂ ಅದಕ್ಕೆ ತೊಡಕಿಲ್ಲ. ಇನ್ನೊಂದಕ್ಕೆ ಇದಲ್ಲದೆ ಕ್ಯಾಮರಾದ ಕಣ್ಣೂ ಉಂಟು. ನೆಲದ ಮೇಲಿನ ಚಪ್ಪಲಿ, ದಾರಗಳನ್ನು ಗುರುತಿಸಲು ಅದು ಉಪಯುಕ್ತ. ಆದರೆ ಪರೀಕ್ಷೆಗೆಂದು ಮನೆಗಳಲ್ಲಿ ಓಡಾಡಿದ ಇಂತಹ ಯಂತ್ರಗಳು 2020ರಲ್ಲಿ ತೆಗೆದ ಖಾಸಗಿ ಚಿತ್ರಗಳು ಹೊರಗಿನವರ ಕೈಗೆ ಬಿದ್ದುದು 2022ರಲ್ಲಿ ಬಯಲಾಯಿತು. ಪರರ ಮನೆಯ ಕಿಟಕಿಯಲ್ಲಿ ಇಣುಕಬಾರದೆಂದು ಮಕ್ಕಳಿಗೆ ಕಲಿಸಿದವನು ಇಣುಕುವ ಕಣ್ಣನ್ನು ತಾನಾಗಿ ಮನೆಯೊಳಗೆ ಬಿಟ್ಟುಕೊಳ್ಳುವುದು ಸರಿಯೆನಿಸಲಿಲ್ಲ.

ಮೂರನೆಯದೇ ಮುಖ್ಯವಾದುದು: ಬರಿದಾಗುವ ಬಗೆ. ಈ ಯಂತ್ರಗಳ ಹೊಟ್ಟೆ ಬಹಳ ಚಿಕ್ಕದು. ಸಾಧಾರಣ ಯಂತ್ರವಾದರೆ ದಿನವೂ ಅದರ ಡಬ್ಬಿಯನ್ನು ಕೈಯಿಂದ ಕೊಡವಬೇಕು. ಕೊಡವಿದೊಡನೆ ಧೂಳು ಮುಖಕ್ಕೇ ಏಳುವುದು. ಸ್ವಯಂ ಬರಿದಾಗುವ ಯಂತ್ರವು ಗೂಡಿಗೆ ಹಿಂದಿರುಗಿದಾಗ, ಆ ಗೂಡೇ ಹತ್ತು ಹದಿನೈದು ಸೆಕೆಂಡು ಗರ್ಜಿಸಿ ಧೂಳನ್ನು ತನ್ನೊಳಗೆ ಎಳೆದುಕೊಳ್ಳುವುದು. ಒಂದರ ಗೂಡಿನಲ್ಲಿ ಕಾಗದದಂತಹ ಚೀಲವುಂಟು. ತುಂಬಿದಾಗ ಬಾಯಿ ಮುಚ್ಚಿಕೊಂಡೇ ಹೊರಬರುವುದು, ಆದರೆ ಹೊಸ ಚೀಲಕ್ಕೆ ಮತ್ತೆ ಮತ್ತೆ ಹಣ ತೆರಬೇಕು. ಇನ್ನೊಂದರಲ್ಲಿ ಚೀಲದ ಖರ್ಚಿಲ್ಲ, ದೊಡ್ಡ ಡಬ್ಬಿ. ಡಬ್ಬಿಯನ್ನು ಕೊನೆಗೆ ಕೊಡವಲೇಬೇಕಷ್ಟೆ! ದಿನದಿನದ ಧೂಳನ್ನು ಕೂಡಿಟ್ಟು ತಿಂಗಳಿಗೊಮ್ಮೆ ಉಬ್ಬಸದವರ ಮುಂದೆ ಸುರಿಯುವುದರಿಂದ ಏನು ಪ್ರಯೋಜನ? ಇಲ್ಲಿ ಚೀಲವೇ ಗೆದ್ದಿತು.

ನಾಲ್ಕನೆಯದು ಒರಸುವ ಕೆಲಸ. ದುಬಾರಿ ಯಂತ್ರವು ನೆಲವನ್ನು ಒರಸಿ, ತನ್ನ ಬಟ್ಟೆಯನ್ನು ಬಿಸಿನೀರಿನಿಂದ ತಾನೇ ತೊಳೆದು ಒಣಗಿಸಿಕೊಳ್ಳುವುದು. ಇದಕ್ಕೆ ನಾನು ಮನಸೋತಿದ್ದೆನು. ಆದರೆ ನಮ್ಮ ಕೊಳವೆ ಬಾವಿಯ ಗಡಸು ನೀರು ಕಾಯಿಸಿದ ಪಾತ್ರೆಗೆ ಎಂತಹ ಬಿಳಿಯ ಹೊಪ್ಪಳೆಯನ್ನು ಕಟ್ಟುವುದೆಂಬುದು ಯಾರಿಗೆ ತಿಳಿಯದು? ಇದೇ ಯಂತ್ರವನ್ನು ಕೊಂಡಿದ್ದ ಹರಪನಹಳ್ಳಿಯ ಸ್ನೇಹಿತರೊಬ್ಬರನ್ನು ವಿಚಾರಿಸಲು, ಅವರು ನಕ್ಕು, “ನೀರಿನದು ಹಾಗಿರಲಿ ಮೇಷ್ಟ್ರೇ, ನಮ್ಮ ತಂಗಿ ಹಡಗಲಿಯಿಂದ ತಂದ ಮಲ್ಲಿಗೆಯ ದಂಡೆಯ ದಾರ ಅದರ ಕುಂಚಕ್ಕೆ ಸುತ್ತಿಕೊಂಡು, ಬಿಡಿಸಲಿಕ್ಕೆ ಒಂದು ಸಂಜೆಯೇ ಹೋಯಿತು” ಎಂದರು.

ಹೀಗೆ ಹನ್ನೊಂದು ಅಂಶಗಳನ್ನು ಬರೆದು ಮನೆಯಾಕೆಯ ಮುಂದೆ ಓದಿದೆನು. ಆಕೆ ಎಲ್ಲವನ್ನೂ ಕೇಳಿ, “ಇದರಾಗ ಹೊಸ್ತಿಲು ಬರದೀರೇನು?” ಎಂದಳು. ನಾನು ನಿರುತ್ತರನಾದೆನು. ಇಂತಹ ಯಂತ್ರಗಳಲ್ಲಿ ಬಹಳಷ್ಟು ಎರಡು ಸೆಂಟಿಮೀಟರಿನಷ್ಟು ಎತ್ತರವನ್ನು ಹತ್ತಿ ದಾಟಬಲ್ಲವು. ನಮ್ಮ ನಡುಮನೆಯ ಹೊಸ್ತಿಲಾದರೋ ನಾಲ್ಕು ಬೆರಳಿಗೂ ಮೀರಿದುದು. ದಿನವೂ ಅರಿಸಿನ ಕುಂಕುಮ ಕಾಣುವುದು. ನಕ್ಷೆಯನ್ನು ಎಷ್ಟು ಚೆನ್ನಾಗಿ ಬರೆದರೇನು, ಅದು ಹೊಸ್ತಿಲ ಈಚೆಗಿನದು ಮಾತ್ರ.

ಆಗಲೇ, ಇಪ್ಪತ್ತೆರಡು ವರ್ಷಗಳಿಂದ ನಮ್ಮ ಮನೆಯ ಕಸವನ್ನು ತೆಗೆಯುತ್ತಿರುವ ತಾಯಿ, ಬಾಗಿಲ ಬಳಿ ಕಸಬರಿಗೆ ಹಿಡಿದು ನಿಂತವಳು, “ಮೇಷ್ಟ್ರೇ, ಹಂಗಾದ್ರ ಮುಂದಿನ ತಿಂಗಳಿಂದ ನಾ ಬರೋದು ಬ್ಯಾಡೇನ್ರಿ?” ಎಂದು ಕೇಳಿದಳು. ಆ ಧ್ವನಿಯಲ್ಲಿ ಜಗಳವಿರಲಿಲ್ಲ, ದೂರೂ ಇರಲಿಲ್ಲ. ಮಳೆ ಬರುವುದೋ ಇಲ್ಲವೋ ಎಂದು ನಮ್ಮ ರೈತರು ಕೇಳುವ ಧ್ವನಿ ಅದು. ನಾನು ಕಾಗದವನ್ನು ನೋಡಿದೆನು. ಹನ್ನೊಂದು ಅಂಶಗಳಲ್ಲಿ ಆಕೆ ಇರಲಿಲ್ಲ.

ಅಂದು ರಾತ್ರಿ ನಿದ್ರೆ ಹತ್ತಲಿಲ್ಲ. ಗೃಹಸ್ಥನ ಮನೆಯಲ್ಲಿ ಐದು ‘ಸೂನೆ’ಗಳು, ಎಂದರೆ ಪ್ರಾಣಿವಧೆಯ ಸ್ಥಾನಗಳು, ಇರುವುವೆಂದು ಮನುಸ್ಮೃತಿಯ ಮೂರನೆಯ ಅಧ್ಯಾಯವು ಹೇಳುವುದನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆನು: ಒಲೆ, ಬೀಸುವ ಕಲ್ಲು, ಕಸಬರಿಗೆ, ಒರಳು, ನೀರಿನ ಕೊಡ. ಇವುಗಳಿಂದ ಆಗುವ ದೋಷಕ್ಕೆ ಗೃಹಸ್ಥನು ಪಂಚಮಹಾಯಜ್ಞಗಳನ್ನು ಮಾಡತಕ್ಕದ್ದು. ದೋಷವು ಗುಡಿಸಿದವರಿಗೆ ಮಾತ್ರವಲ್ಲ, ಮನೆಯ ಯಜಮಾನನಿಗೆ. ಈ ಸೂಕ್ಷ್ಮವನ್ನು ನಾನು ಎಷ್ಟೋ ಸಲ ಪಾಠ ಹೇಳಿದ್ದೆನಾದರೂ ನನ್ನ ಮನೆಯ ಕಸಬರಿಗೆಗೆ ಹೊಂದಿಸಿ ನೋಡಿರಲಿಲ್ಲ. ಪಾಠಶಾಲೆಯಲ್ಲಿ ಸರದಿಯಂತೆ ಗುರುಗಳ ಅಂಗಳವನ್ನು ನಾವೇ ಗುಡಿಸುತ್ತಿದ್ದೆವು. ಅಲ್ಲಿಂದ ಹೊರಬಿದ್ದು ಉದ್ಯೋಗ ಹಿಡಿದು ಮದುವೆಯಾದ ಮೇಲೆ ನಾನು ಕಸಬರಿಗೆಯನ್ನು ಮುಟ್ಟಿದವನಲ್ಲ. ಬೆಳಗ್ಗೆ ಆ ತಾಯಿ ಬಗ್ಗುವಳು, ಸಂಜೆ ದೀಪ ಹಚ್ಚುವ ಮೊದಲು ಮನೆಯಾಕೆ ಬಗ್ಗುವಳು. ನಾನು ಪತ್ರಿಕೆ ಓದುತ್ತ ಗುಡಿಸುವವರಿಗೆ ಅನುಕೂಲವಾಗಲೆಂದು ಕಾಲೆತ್ತುವೆನು. ಉಬ್ಬಸ ಬಂದ ನಾಲ್ಕು ವರ್ಷಗಳಲ್ಲಿಯೂ ಇದೇ ನಡೆದಿದ್ದಿತು. ನೆಲವನ್ನು ಒದ್ದೆ ಬಟ್ಟೆಯಿಂದ ನಾನೇ ಒರಸಬಹುದಾಗಿತ್ತೆಂಬ, ಒಂದು ಕಾಸೂ ಬೇಡದ ಉಪಾಯವು ನನ್ನ ಎರಡು ಪಟ್ಟಿಗಳಲ್ಲಿ ಒಂದರಲ್ಲಿಯೂ ಇರಲಿಲ್ಲ.

ಬೂತನು ಲಂಡನ್ನಿನಲ್ಲಿ ತನ್ನ ಯಂತ್ರವನ್ನು ಮಾಡಿದ ಅದೇ 1901ರಲ್ಲಿ, ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಶೌಚಸ್ಥಳಗಳ ಹೊಲಸನ್ನು ಕಂಡ ಗಾಂಧೀಜಿಯವರು, ಸ್ವಯಂಸೇವಕರು ಅದು ತಮ್ಮ ಕೆಲಸವಲ್ಲವೆನ್ನಲು, ತಾವೇ ಕಸಬರಿಗೆಯನ್ನು ಹಿಡಿದರು. ಅವರ ಚಿತಾಭಸ್ಮವಿರುವ ಸ್ಮಾರಕವು ನಮ್ಮ ಪಕ್ಕದ ಕೂಡ್ಲಿಗಿಯಲ್ಲಿಯೇ ಇರುವುದು. ಅಲ್ಲಿಗೆ ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕರೆದುಕೊಂಡು ಹೋಗಿ ಈ ಕಥೆಯನ್ನು ಹೇಳಿದವನು ನಾನೇ.

ಮರುದಿನ ಮಗಳಿಗೆ ಫೋನು ಮಾಡಿ ಅಗ್ಗದ ಯಂತ್ರವನ್ನೇ ಕಳುಹಿಸೆಂದೆನು: ಲೇಸರಿನದು, ಚೀಲದ ಗೂಡಿನದು, ಕ್ಯಾಮರಾ ಇಲ್ಲದುದು, ಒರಸದುದು, ಫೋನಿಲ್ಲದೆಯೂ ಮೈಮೇಲಿನ ಗುಂಡಿಯನ್ನು ಒತ್ತಿದರೆ ನಡೆಯುವಂತಹುದು. ಕಸ ತೆಗೆಯುವ ತಾಯಿಗೆ, “ನೀನು ಬರಲೇಬೇಕವ್ವ, ಸಂಬಳದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗದು” ಎಂದೆನು. ಆಕೆ ಏನೂ ಅನ್ನದೆ ಸೆರಗಿನಿಂದ ಹೊಸ್ತಿಲ ಧೂಳನ್ನೊರಸಿ ಒಳಗೆ ಹೋದಳು.

ಯಂತ್ರವು ಬಂದು ಈಗ ಏಳು ತಿಂಗಳಾದುವು. ಮೊದಲ ದಿನ ಅದು ಪಡಸಾಲೆಯನ್ನು ಸುತ್ತಿ, ನಡುವೆ ಹಾಸಿದ ಕಡಪದ ಕರಿಯ ಕಲ್ಲಿನ ಅಂಚಿಗೆ ಬಂದು, ಬೆಚ್ಚಿದಂತೆ ಹಿಂದಕ್ಕೆ ಸರಿಯಿತು. ಮೆಟ್ಟಿಲಿನಿಂದ ಬೀಳದಿರಲೆಂದು ಅದರ ಅಡಿಯಲ್ಲಿ ಅತಿಕೆಂಪು ಕಿರಣವನ್ನು ಬೀರುವ ಕಣ್ಣುಗಳುಂಟು. ನೆಲದಿಂದ ಕಿರಣವು ಹಿಂದಿರುಗದಿದ್ದರೆ ಮುಂದೆ ಹಳ್ಳವಿದೆಯೆಂದು ಅವು ತಿಳಿಯುವುವು. ಕರಿಯ ಕಲ್ಲು ಕಿರಣವನ್ನು ನುಂಗುವುದು. ಹಗ್ಗದಲ್ಲಿ ಹಾವನ್ನು ಕಾಣುವ ವೇದಾಂತಿಗಳ ದೃಷ್ಟಾಂತವು ಯಂತ್ರಕ್ಕೂ ಸಲ್ಲುವುದೆಂದು ನನಗೆ ಪರಮಾಶ್ಚರ್ಯವಾಯಿತು. ಕಸಬರಿಗೆಯ ತಾಯಿಯು ಸೊಂಟದ ಮೇಲೆ ಕೈಯಿಟ್ಟು ನೋಡಿ, “ಅಯ್ಯ, ಇದಕ್ಕ ಕಲ್ಲು ಯಾವುದು ಕುಣಿ ಯಾವುದು ತಿಳಿವಲ್ದಲ್ಲರೀ!” ಎಂದು ಬಹಳ ಹೊತ್ತು ನಕ್ಕಳು. ಆ ನಗೆಯನ್ನು ಕೇಳಿ ನನ್ನ ಮನಸ್ಸಿನ ಭಾರವು ಎಷ್ಟೋ ಇಳಿಯಿತು.

ಈಗಿನ ವ್ಯವಸ್ಥೆಯು ಹೀಗಿದೆ. ಬೆಳಗ್ಗೆ ಮನೆಯಾಕೆ ಹಿತ್ತಲಲ್ಲಿ ತುಳಸಿಯ ಬಳಿ ಇರುವಾಗ ಯಂತ್ರವು ಪಡಸಾಲೆಯನ್ನೂ ಎರಡು ಕೋಣೆಗಳನ್ನೂ ಗುಡಿಸುವುದು. ಹೊಸ್ತಿಲಿನ ಆಚೆಗೆ ಅದನ್ನು ಎತ್ತಿ ದಾಟಿಸುವವಳು ಆ ತಾಯಿ. ಒರಸುವುದೂ ಅಂಗಳಕ್ಕೆ ನೀರು ಚಿಮುಕಿಸಿ ಗುಡಿಸುವುದೂ ಆಕೆಯ ಪಾಲಿಗೆ. ಕರಿಯ ಕಲ್ಲಿನ ಭಾಗವೂ ದೇವರ ಮನೆಯೂ ಸಂಜೆಯ ಹೊತ್ತು ಒದ್ದೆ ಬಟ್ಟೆಯೊಡನೆ ನನ್ನ ಪಾಲಿಗೆ. ಮೊದಲ ವಾರ ಸೊಂಟವು ಹಿಡಿದುಕೊಂಡಿತು; ಬಗ್ಗುವುದೆಂದರೇನೆಂದು ಅರವತ್ತು ದಾಟಿದ ಮೇಲೆ ಗೊತ್ತಾಯಿತು. ಚೀಲವು ಅರವತ್ತು ದಿನ ಬರುವುದೆಂದು ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದರೂ ನಮ್ಮ ಸೀಮೆಯ ಧೂಳಿಗೆ ಅದು ಇಪ್ಪತ್ತೈದು ದಿನಗಳಿಗಿಂತ ಹೆಚ್ಚು ಬಾಳುವುದಿಲ್ಲ. ತುಂಬಿದ ಚೀಲವನ್ನು ಹೊರಗೆ ಹಾಕುವವನೂ ನಾನೇ. ತಾನೇ ಬರಿದಾಗುವ ಯಂತ್ರವೆಂಬ ಮಾತು ಅರ್ಧ ಸತ್ಯ. ಕೊನೆಯ ಚೀಲಕ್ಕೆ ಯಾರದಾದರೂ ಕೈ ಬೇಕೇ ಬೇಕು.

ಮನೆಯಾಕೆಯ ಉಬ್ಬಸವು ಹೋಯಿತೆಂದು ನಾನು ಹೇಳಲಾರೆನು. ಆಷಾಢದಲ್ಲಿ ಎರಡು ರಾತ್ರಿ ಎದ್ದು ಕುಳಿತಿದ್ದಳು. ಹಿಂದಿನ ವರ್ಷ ಎಷ್ಟು ರಾತ್ರಿಗಳೆಂಬುದನ್ನು ನಾನು ಎಣಿಸಿರಲಿಲ್ಲ. ಈಗ ಎಣಿಸುತ್ತಿದ್ದೇನೆ. ಇಂತಹ ಯಂತ್ರವನ್ನು ಕೊಳ್ಳಬೇಕೆಂದಿರುವ ಗೃಹಸ್ಥರು ನನ್ನನ್ನು ಕೇಳಿದರೆ, ಪಾಸ್ಕಲ್ಲಿನ ಅಂಕಿಯನ್ನು ಆಮೇಲೆ ನೋಡಿರಿ, ಮೊದಲು ನಿಮ್ಮ ಹೊಸ್ತಿಲನ್ನು ಅಳೆಯಿರಿ, ನೆಲದ ಬಣ್ಣವನ್ನು ನೋಡಿರಿ, ಇಷ್ಟು ದಿನ ಆ ನೆಲದ ಮೇಲೆ ಬಗ್ಗಿದವರು ಯಾರೆಂಬುದನ್ನು ಕಾಗದದ ಮೊದಲ ಸಾಲಿನಲ್ಲಿಯೇ ಬರೆಯಿರಿ ಎಂದು ಹೇಳುವೆನು. ಉಳಿದ ಹನ್ನೊಂದು ಅಂಶಗಳನ್ನು ನಿಮ್ಮ ಮಕ್ಕಳೇ ನೋಡಿಕೊಳ್ಳುವರು.